ಆಕಾಶದಿಂದ ಭೂಮಿಯನ್ನು ನೋಡಬಯಸಿದ ಭೂವಿಜ್ಞಾನಿ – ವಿಲಿಯಂ ಪೆಕೋರಾ



ನಿಮ್ಮ ಊರಿನ ಕೆರೆಯಲ್ಲಿ ಯಾರಾದರೂ ರಾತ್ರೋರಾತ್ರಿ ಮಣ್ಣು ಅಗೆದು ಸಾಗಿಸಿದರೆ ಏನಾಗುತ್ತದೆ? ಬೆಳಗಾಗುವಷ್ಟರಲ್ಲಿ ಸುದ್ದಿ ಊರಿಗೆಲ್ಲ ಹರಡಿರುತ್ತದೆ. ದನ ಮೇಯಿಸಲು ಹೋದವರೋ, ಬಟ್ಟೆ ಒಗೆಯಲು ಹೋದವರೋ ಆ ಗುಂಡಿಯನ್ನು ಕಂಡೇ ಕಾಣುತ್ತಾರೆ. ಆದರೆ ರಸ್ತೆಯೇ ಇಲ್ಲದ ದಟ್ಟ ಕಾಡಿನ ನಡುವೆ, ಪಟ್ಟಣದಿಂದ ನೂರಾರು ಕಿಲೋಮೀಟರ್ ದೂರದ ಹೊಳೆಯ ದಂಡೆಯಲ್ಲಿ ಯಾರಾದರೂ ಚಿನ್ನಕ್ಕಾಗಿ ನೆಲ ಅಗೆಯುತ್ತಿದ್ದರೆ? ಅದನ್ನು ನೋಡುವವರು ಯಾರು?

ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಇಂತಹ ಸಾವಿರಾರು ಗುಂಡಿಗಳಿವೆ. ಅವುಗಳನ್ನು ಇಂದು ಪತ್ತೆ ಹಚ್ಚುತ್ತಿರುವುದು ನೆಲದಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಕೃತಕ ಉಪಗ್ರಹಗಳು. ಭೂಮಿಯನ್ನು ಹೀಗೆ ಮೇಲಿನಿಂದ ಮತ್ತೆ ಮತ್ತೆ ನೋಡುತ್ತಿರಬೇಕು, ಆ ಚಿತ್ರಗಳು ಎಲ್ಲರಿಗೂ ಸಿಗಬೇಕು ಎಂದು ಹಠ ಹಿಡಿದು ಕೆಲಸ ಮಾಡಿದವರಲ್ಲಿ ಮುಖ್ಯರಾದವರು ಒಬ್ಬ ಭೂವಿಜ್ಞಾನಿ. ಅವರ ಹೆಸರು ವಿಲಿಯಂ ಥಾಮಸ್ ಪೆಕೋರಾ. ಈ ಬಾರಿ ಅವರ ಬದುಕಿನ ಕಥೆಯನ್ನು ತಿಳಿಯೋಣ ಬನ್ನಿ.

ಬಾಲ್ಯ ಮತ್ತು ಕತ್ತಿವರಸೆ

ಪೆಕೋರಾ ಅವರು 1913ರ ಫೆಬ್ರವರಿ 1ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ರಾಜ್ಯದ ಬೆಲ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ತಾಯಿ ಇಟಲಿಯಿಂದ ವಲಸೆ ಬಂದವರು. ಮನೆ ತುಂಬ ಮಕ್ಕಳು. ಹತ್ತು ಮಕ್ಕಳಲ್ಲಿ ವಿಲಿಯಂ ಕೂಡ ಒಬ್ಬರು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅವರು ಭೂವಿಜ್ಞಾನವನ್ನು ಓದಿ 1933ರಲ್ಲಿ ಪದವಿ ಪಡೆದರು. ಓದಿನ ಜೊತೆಗೆ ಆಟದಲ್ಲೂ ಮುಂದು. ಕತ್ತಿವರಸೆ ಅವರ ಮೆಚ್ಚಿನ ಆಟ. ಇದರಲ್ಲಿ ಅವರು ಎಷ್ಟು ಪಳಗಿದರೆಂದರೆ, 1936ರಲ್ಲಿ ಬರ್ಲಿನ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟಕ್ಕೆ ಹೋದ ಅಮೆರಿಕದ ಕತ್ತಿವರಸೆ ತಂಡದಲ್ಲಿ ಅವರೂ ಇದ್ದರು! ಎದುರಾಳಿಯ ಕಣ್ಣನ್ನೂ ಕೈಯನ್ನೂ ಗಮನಿಸುತ್ತ, ಸರಿಯಾದ ಕ್ಷಣಕ್ಕಾಗಿ ಕಾಯುತ್ತ ಆಡಬೇಕಾದ ಆಟ ಅದು. ಈ ತಾಳ್ಮೆ ಮುಂದೆ ಅವರಿಗೆ ಬೇರೆ ರೀತಿಯಲ್ಲಿ ನೆರವಾಯಿತು.

1939ರಲ್ಲಿ ಅವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರಿದರು. 1940ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಸುತ್ತಿಗೆ ಹಿಡಿದು ಬ್ರೆಜಿಲ್‌ಗೆ

ಭೂವಿಜ್ಞಾನಿಯ ಕೆಲಸ ಹೇಗಿರುತ್ತದೆ ಗೊತ್ತೇ? ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ, ಜೇಬಿನಲ್ಲಿ ದಿಕ್ಸೂಚಿ ಮತ್ತು ಭೂತಗನ್ನಡಿ. ಗುಡ್ಡ ಹತ್ತಬೇಕು, ಹಳ್ಳ ಇಳಿಯಬೇಕು, ಕಲ್ಲು ಒಡೆದು ನೋಡಬೇಕು, ನಕ್ಷೆಯಲ್ಲಿ ಗುರುತು ಹಾಕಬೇಕು. ಹೀಗೆ ಒಂದೊಂದೇ ಹೆಜ್ಜೆ ನಡೆದು ಒಂದು ಬೆಟ್ಟಸಾಲಿನ ನಕ್ಷೆ ಮುಗಿಸಲು ವರ್ಷಗಳೇ ಹಿಡಿಯುತ್ತವೆ. ಮೊಂಟಾನ ರಾಜ್ಯದ ಬೇರ್‌ಪಾ ಬೆಟ್ಟಗಳ ಶಿಲೆಗಳನ್ನು ಪೆಕೋರಾ ಅವರು ಹೀಗೆಯೇ ಹಲವು ವರ್ಷ ಅಧ್ಯಯನ ಮಾಡಿದರು.

ಎರಡನೆಯ ಮಹಾಯುದ್ಧದ ಕಾಲ. ಕಾರ್ಖಾನೆಗಳಿಗೆ ನಿಕ್ಕಲ್, ಅಭ್ರಕ ಮುಂತಾದ ಖನಿಜಗಳು ಹೇರಳವಾಗಿ ಬೇಕಾದವು. ಅವುಗಳನ್ನು ಹುಡುಕಲು ಅಮೆರಿಕದ ಭೂವಿಜ್ಞಾನಿಗಳು ಬ್ರೆಜಿಲ್ ದೇಶಕ್ಕೆ ಹೋದರು. ಅವರಲ್ಲಿ ಪೆಕೋರಾ ಅವರೂ ಇದ್ದರು. ಗೊಯಾಸ್ ಪ್ರಾಂತ್ಯದ ಸಾವೊ ಜೋಸೆ ದೊ ಟೊಕಾಂಟಿನ್ಸ್ ಎಂಬ ಊರಿನ ಸುತ್ತಲಿನ ನಿಕ್ಕಲ್ ಅದಿರನ್ನು ಅವರು ಅಧ್ಯಯನ ಮಾಡಿ 1944ರಲ್ಲಿ ವರದಿ ಪ್ರಕಟಿಸಿದರು. ಆ ಊರಿನ ಇಂದಿನ ಹೆಸರೇನು ಗೊತ್ತೇ? ನಿಕೆಲಾಂಡಿಯ! ನಿಕ್ಕಲ್ ಲೋಹದಿಂದಲೇ ಬಂದ ಹೆಸರು ಅದು.

ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ ಸಪುಕಾಯ ಎಂಬ ಗಣಿಯಿದೆ. ಅಲ್ಲಿ ಸಿಕ್ಕ ಕಲ್ಲುಗಳಲ್ಲಿ ಪೆಕೋರಾ ಮತ್ತು ಅವರ ಜೊತೆಗಾರರು ಅದುವರೆಗೆ ಯಾರೂ ವರ್ಣಿಸದಿದ್ದ ಹಲವು ಖನಿಜಗಳನ್ನು ಗುರುತಿಸಿದರು. ಒಂದಕ್ಕೆ ಬ್ರೆಜಿಲ್‌ನ ಭೂವಿಜ್ಞಾನಿ ಮೊರೇಸ್ ಅವರ ನೆನಪಿಗೆ ಮೊರೇಸೈಟ್ ಎಂದು ಹೆಸರಿಟ್ಟರು. ಮುಂದೆ 1969ರಲ್ಲಿ, ಆಸ್ಟ್ರೇಲಿಯದ ವುಲ್ಫ್ ಕ್ರೀಕ್ ಎಂಬಲ್ಲಿ ಉಲ್ಕೆ ಬಿದ್ದು ಉಂಟಾದ ಕುಳಿಯಲ್ಲಿ ದೊರೆತ ಹಸಿರು ಬಣ್ಣದ ಹೊಸ ಖನಿಜವೊಂದಕ್ಕೆ ವಿಜ್ಞಾನಿಗಳು ಪೆಕೋರಾ ಅವರ ಹೆಸರನ್ನೇ ಇಟ್ಟರು. ಅದೇ ಪೆಕೋರೈಟ್. ಅದರಲ್ಲಿಯೂ ನಿಕ್ಕಲ್ ಇದೆ!

ಒಂದು ದೊಡ್ಡ ಆಲೋಚನೆ

1965ರಲ್ಲಿ ಪೆಕೋರಾ ಅವರು ತಾವು ಕೆಲಸ ಮಾಡುತ್ತಿದ್ದ ಸರ್ವೇಕ್ಷಣಾ ಸಂಸ್ಥೆಗೇ ನಿರ್ದೇಶಕರಾದರು. ಆ ಹೊತ್ತಿಗೆ ಮಾನವ ಬಾಹ್ಯಾಕಾಶಕ್ಕೆ ಹೋಗಿ ಬಂದಾಗಿತ್ತು. ಜೆಮಿನಿ ನೌಕೆಗಳಲ್ಲಿ ಹೋದ ಗಗನಯಾತ್ರಿಗಳು ತೆಗೆದ ಭೂಮಿಯ ಬಣ್ಣದ ಚಿತ್ರಗಳು ಭೂವಿಜ್ಞಾನಿಗಳನ್ನು ಬೆರಗುಗೊಳಿಸಿದವು. ನೆಲದ ಮೇಲೆ ತಿಂಗಳುಗಟ್ಟಲೆ ನಡೆದರೂ ಒಟ್ಟಾಗಿ ಕಾಣದ ಬೆಟ್ಟಸಾಲುಗಳು, ನೆಲದ ಬಿರುಕುಗಳು, ನದಿಯ ತಿರುವುಗಳು ಒಂದೇ ಚಿತ್ರದಲ್ಲಿ ಮೂಡಿದ್ದವು.

ಹಾಗಾದರೆ ಭೂಮಿಯನ್ನು ನೋಡುವುದಕ್ಕಾಗಿಯೇ ಒಂದು ಉಪಗ್ರಹವನ್ನು ಏಕೆ ಹಾರಿಸಬಾರದು ಎಂದು ಪೆಕೋರಾ ಯೋಚಿಸಿದರು. ಚಂದ್ರನ ಕಡೆಗೆ ಎಲ್ಲರ ಕಣ್ಣು ನೆಟ್ಟಿದ್ದ ಕಾಲದಲ್ಲಿ ಅವರ ಕಣ್ಣು ಭೂಮಿಯ ಕಡೆಗಿತ್ತು. ಬೆಳೆ, ಕಾಡು, ನೀರು, ಖನಿಜ ಎಲ್ಲವನ್ನೂ ಮೇಲಿನಿಂದ ನೋಡಬಹುದು. ಒಮ್ಮೆ ನೋಡಿದರೆ ಸಾಲದು, ಮತ್ತೆ ಮತ್ತೆ ನೋಡಬೇಕು. ಆಗ ತಾನೇ ಬದಲಾವಣೆ ತಿಳಿಯುವುದು?

ಆದರೆ ಈ ಆಲೋಚನೆಗೆ ವಿರೋಧಗಳೂ ಬಂದವು. ವಿಮಾನದಿಂದಲೇ ಚಿತ್ರ ತೆಗೆಯಬಹುದಲ್ಲ, ಉಪಗ್ರಹಕ್ಕೆ ಇಷ್ಟು ಹಣ ಏಕೆ ಎಂದು ಬಜೆಟ್ ನೋಡುವ ಅಧಿಕಾರಿಗಳು ಕೇಳಿದರು. ಇಂತಹ ಚಿತ್ರಗಳಿಂದ ರಹಸ್ಯಗಳು ಹೊರಬೀಳಬಹುದೆಂಬುದು ಸೇನೆಯವರ ಚಿಂತೆ. ಇದಕ್ಕೆ ಇನ್ನೂ ಸಮಯ ಬೇಕು ಎಂಬುದು ಬಾಹ್ಯಾಕಾಶ ಸಂಸ್ಥೆ ನಾಸಾದ ನಿಲುವು. ಪೆಕೋರಾ ಎದೆಗುಂದಲಿಲ್ಲ. ಒಳಾಡಳಿತ ಇಲಾಖೆಯ ಕಾರ್ಯದರ್ಶಿಯಾಗಿದ್ದ ಸ್ಟೂವರ್ಟ್ ಉಡಾಲ್ ಅವರ ಬೆಂಬಲ ಪಡೆದರು. 1966ರ ಸೆಪ್ಟೆಂಬರ್‌ನಲ್ಲಿ ಉಡಾಲ್ ಅವರು ಭೂಮಿಯನ್ನು ವೀಕ್ಷಿಸುವ ಉಪಗ್ರಹದ ಯೋಜನೆಯನ್ನು ಬಹಿರಂಗವಾಗಿ ಘೋಷಿಸಿಬಿಟ್ಟರು! ಆ ಯೋಜನೆಗೆ ಇರೋಸ್ ಎಂದು ಹೆಸರು. ಮುಂದೆ ನಾಸಾ ಉಪಗ್ರಹವನ್ನು ನಿರ್ಮಿಸುವ ಹೊಣೆ ಹೊತ್ತುಕೊಂಡಿತು. ಚಿತ್ರಗಳನ್ನು ಕೂಡಿಟ್ಟು ಹಂಚುವ ಹೊಣೆ ಪೆಕೋರಾ ಅವರ ಸಂಸ್ಥೆಯದಾಯಿತು.

ನಾಲ್ಕೇ ದಿನ ಮೊದಲು

1971ರಲ್ಲಿ ಪೆಕೋರಾ ಅವರು ಒಳಾಡಳಿತ ಇಲಾಖೆಯ ಉಪಕಾರ್ಯದರ್ಶಿಯಾದರು. ಉಪಗ್ರಹದ ಕೆಲಸ ಭರದಿಂದ ಸಾಗಿತ್ತು. 1972ರ ಜುಲೈ 23ರಂದು ಕ್ಯಾಲಿಫೋರ್ನಿಯದ ವಾಂಡೆನ್‌ಬರ್ಗ್ ನೆಲೆಯಿಂದ ಡೆಲ್ಟಾ ರಾಕೆಟ್ ಅದನ್ನು ಹೊತ್ತು ಮೇಲೇರಿತು. ಅದರ ಮೊದಲ ಹೆಸರು ಇಆರ್‌ಟಿಎಸ್-1. 1975ರಲ್ಲಿ ಅದನ್ನು ಲ್ಯಾಂಡ್‌ಸ್ಯಾಟ್-1 ಎಂದು ಕರೆದರು.

ಆದರೆ ಅದನ್ನು ನೋಡಲು ಪೆಕೋರಾ ಇರಲಿಲ್ಲ. ಕಾಯಿಲೆಯಿಂದ ಬಳಲಿದ ಅವರು ಜುಲೈ 19ರಂದು, ಅಂದರೆ ಉಡಾವಣೆಗೆ ನಾಲ್ಕೇ ದಿನ ಮೊದಲು ತೀರಿಕೊಂಡಿದ್ದರು. ಆಗ ಅವರಿಗೆ 59 ವರ್ಷ. ಯಾವ ಕಣ್ಣಿಗಾಗಿ ವರ್ಷಗಟ್ಟಲೆ ವಾದಿಸಿದರೋ ಆ ಕಣ್ಣು ತೆರೆದು ಕಳುಹಿಸಿದ ಒಂದು ಚಿತ್ರವನ್ನೂ ಅವರು ಕಾಣಲಿಲ್ಲ.

ಗುಂಟೆ ಲೆಕ್ಕದಲ್ಲಿ ಉಪಗ್ರಹ ಚಿತ್ರ

ಈ ಉಪಗ್ರಹ ಸುಮಾರು 900 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ 18 ದಿನಗಳಿಗೊಮ್ಮೆ ಅದೇ ಜಾಗದ ಮೇಲೆ ಬರುತ್ತಿತ್ತು. ಅದರ ಒಂದು ಚಿತ್ರ 185 ಕಿಲೋಮೀಟರ್ ಉದ್ದ, 185 ಕಿಲೋಮೀಟರ್ ಅಗಲದ ನೆಲವನ್ನು ತೋರಿಸುತ್ತಿತ್ತು. ವಿಸ್ತೀರ್ಣದ ಲೆಕ್ಕದಲ್ಲಿ ನೋಡಿದರೆ ನಮ್ಮ ಇಡೀ ಕರ್ನಾಟಕ ಇಂತಹ ಆರು ಚಿತ್ರಗಳೊಳಗೆ ಅಡಗುತ್ತದೆ!

ಉಪಗ್ರಹದ ಚಿತ್ರ ರಂಗೋಲಿಯ ಹಾಗೆ ಚುಕ್ಕಿಗಳಿಂದ ಆದದ್ದು. ಒಂದೊಂದು ಚುಕ್ಕಿಯೂ ನೆಲದ ಒಂದು ಚೌಕ. ಇದಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಮೊದಲ ಉಪಗ್ರಹದಲ್ಲಿ ಒಂದು ಚೌಕದ ಬದಿ ಸುಮಾರು 80 ಮೀಟರ್. ಅಂದರೆ 6400 ಚದರ ಮೀಟರ್, ಸುಮಾರು ಒಂದೂವರೆ ಎಕರೆ. ಅಷ್ಟು ಹೊಲವೆಲ್ಲ ಸೇರಿ ಒಂದೇ ಚುಕ್ಕಿ! ಅದರೊಳಗಿನ ಬಾವಿ, ಗುಡಿಸಲು, ಸಣ್ಣ ಗುಂಡಿ ಯಾವುದೂ ಬೇರೆಯಾಗಿ ಕಾಣುತ್ತಿರಲಿಲ್ಲ.

1982ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-4ರಲ್ಲಿ ಚೌಕದ ಬದಿ 30 ಮೀಟರ್‌ಗೆ ಇಳಿಯಿತು. ಅಂದರೆ ಸುಮಾರು 9 ಗುಂಟೆ. 2015ರಿಂದ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಬದಿಯ ಚೌಕಗಳ ಚಿತ್ರ ಕೊಡುತ್ತಿವೆ. ಅದು ಸರಿಸುಮಾರು ಒಂದು ಗುಂಟೆ. ಹೀಗೆ ಆಕಾಶದ ಕಣ್ಣು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತ ಬಂದಿದೆ.

ಇನ್ನೊಂದು ಸ್ವಾರಸ್ಯ ಕೇಳಿ. ಉಪಗ್ರಹ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಅಳೆಯುತ್ತದೆ. ಹಸಿರೆಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ಅದರ ಪಕ್ಕದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚೆಲ್ಲುತ್ತವೆ. ನೀರು ಅವಕೆಂಪನ್ನು ಹೀರಿಬಿಡುತ್ತದೆ. ಬೋಳು ಮರಳು ಎರಡನ್ನೂ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಈ ಎರಡು ಬೆಳಕಿನ ಅಳತೆಗಳನ್ನು ಹೋಲಿಸಿದರೆ ಒಂದು ಚೌಕ ಕಾಡೋ, ನೀರೋ, ಬೋಳು ನೆಲವೋ ಎಂದು ಹೇಳಬಹುದು.

ಚಿನ್ನದ ಗುಂಡಿಗಳ ಬೇಟೆ

ಈಗ ಅಮೆಜಾನ್ ಕಾಡಿಗೆ ಬರೋಣ. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ. ಬೆಟ್ಟಗಳಿಂದ ಹರಿದು ಬಂದ ನದಿಗಳು ಚಿನ್ನದ ಕಣಗಳನ್ನು ಮರಳಿನಲ್ಲಿ ಬಿಟ್ಟುಹೋಗಿರುತ್ತವೆ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿಯೂ ಹಿಂದೆ ಜಲಗಾರರು ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಅಮೆಜಾನ್‌ನಲ್ಲಿ ಇಂದು ನಡೆಯುವುದು ಕೈಮರಿಗೆಯ ಕೆಲಸವಷ್ಟೇ ಅಲ್ಲ. ಮರ ಕಡಿದು, ಪಂಪುಗಳಿಂದ ನೀರು ಚಿಮ್ಮಿಸಿ ದಂಡೆಯನ್ನು ಕರಗಿಸಿ, ಆ ರಾಡಿಯನ್ನು ಚಾಪೆ ಹಾಸಿದ ಇಳಿಜಾರು ಹಲಗೆಯ ಮೇಲೆ ಹರಿಸುತ್ತಾರೆ. ಭಾರವಾದ ಕಣಗಳು ಚಾಪೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವಕ್ಕೆ ಪಾದರಸ ಬೆರೆಸಿದರೆ ಚಿನ್ನವು ಪಾದರಸದೊಡನೆ ಸೇರಿ ಉಂಡೆಯಾಗುತ್ತದೆ. ಉಂಡೆಯನ್ನು ಕಾಯಿಸಿದರೆ ಪಾದರಸ ಹೊಗೆಯಾಗಿ ಹಾರಿ ಚಿನ್ನ ಉಳಿಯುತ್ತದೆ.

ಹಾರಿದ ಪಾದರಸ ಎಲ್ಲಿ ಹೋಯಿತು? ಮತ್ತೆ ನೆಲಕ್ಕೆ, ನೀರಿಗೆ ಇಳಿಯಿತು. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರ ವಿಷವಾಗಿ ಮಾರ್ಪಡಿಸುತ್ತವೆ. ಅದು ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ, ಕೊನೆಗೆ ಮೀನು ತಿನ್ನುವ ಮನುಷ್ಯರಿಗೆ ಸೇರುತ್ತದೆ. ಹುಟ್ಟಲಿರುವ ಮಗುವಿನ ಮಿದುಳಿಗೂ ಹಾನಿ ಮಾಡುತ್ತದೆ. ಜಪಾನಿನ ಮಿನಮಾಟ ಎಂಬ ಊರಿನಲ್ಲಿ ಕಾರ್ಖಾನೆಯ ಪಾದರಸದಿಂದ ಜನ ನರಳಿದ್ದು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸದ ಬಳಕೆಯನ್ನು ತಗ್ಗಿಸುವ ಜಾಗತಿಕ ಒಪ್ಪಂದವಾಯಿತು. ಮಾನವ ಚಟುವಟಿಕೆಯಿಂದ ಗಾಳಿಗೆ ಸೇರುವ ಪಾದರಸದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬರುವುದು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ.

ನಮ್ಮ ಕೋಲಾರದ ಚಿನ್ನದ ಗಣಿ ನೆಲದೊಳಗೆ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿತ್ತು. 2001ರಲ್ಲಿ ಅದು ಮುಚ್ಚಿತು. ಆ ಸುರಂಗಗಳು ಆಕಾಶದಿಂದ ಕಾಣುವುದಿಲ್ಲ. ಹೊರಗೆ ಗುಡ್ಡವಾಗಿ ನಿಂತ ತ್ಯಾಜ್ಯದ ರಾಶಿ ಮಾತ್ರ ಕಾಣುತ್ತದೆ. ಅಮೆಜಾನ್‌ನ ಗುಂಡಿಗಳು ಹಾಗಲ್ಲ. ಅವು ನೆಲದ ಮೇಲ್ಪದರದಲ್ಲಿಯೇ ಇವೆ. ಹಸಿರು ಕಾಡಿನ ನಡುವೆ, ಹೊಳೆಯ ಬದಿಯಲ್ಲಿ ಬಿಳಿಚಿಕೊಂಡ ಮರಳಿನ ಪಟ್ಟೆ, ಅದರ ತುಂಬ ಕೆಸರು ನೀರಿನ ಸಣ್ಣ ಸಣ್ಣ ಹೊಂಡಗಳು. ಬೇಸಾಯಕ್ಕೆ ಕಡಿದ ಜಾಗದಲ್ಲಿ ಮರುವರ್ಷ ಬೆಳೆಯ ಹಸಿರು ಕಾಣುತ್ತದೆ. ಗಣಿಯ ಜಾಗ ಬಹುಕಾಲ ಬೋಳಾಗಿಯೇ ಇರುತ್ತದೆ. ಇವೇ ವಿಜ್ಞಾನಿಗಳಿಗೆ ಸಿಗುವ ಸುಳಿವುಗಳು. ಮೋಡ ಕವಿದ ದಿನಗಳಲ್ಲಿ ಮೋಡದ ಮೂಲಕವೂ ನೋಡಬಲ್ಲ ರೇಡಾರ್ ಉಪಗ್ರಹಗಳು ನೆರವಿಗೆ ಬರುತ್ತವೆ.

ಪೆರು ದೇಶದ ಮಾದ್ರೆ ದೆ ದಿಯೋಸ್ ಎಂಬ ಪ್ರಾಂತ್ಯದಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯ ವಿಜ್ಞಾನಿಗಳು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹೀಗೆ ಪರೀಕ್ಷಿಸಿದರು. ವಿಮಾನದಿಂದಲೂ ನೋಡಿದರು, ನೆಲದ ಮೇಲೆ ಹೋಗಿಯೂ ತಾಳೆ ಹಾಕಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಳಿದದ್ದೇನು? 1999ರಲ್ಲಿ 10,000 ಹೆಕ್ಟೇರ್‌ಗೂ ಕಡಿಮೆಯಿದ್ದ ಗಣಿ ಪ್ರದೇಶ 2012ರ ಹೊತ್ತಿಗೆ 50,000 ಹೆಕ್ಟೇರ್ ದಾಟಿತ್ತು. ಅಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಎಕರೆಗೂ ಹೆಚ್ಚು! ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಅದುವರೆಗೆ ಲೆಕ್ಕಕ್ಕೇ ಸಿಗದಿದ್ದ ಸಣ್ಣ ಸಣ್ಣ ಗುಂಡಿಗಳು. 2008ರ ನಂತರ ಚಿನ್ನದ ಬೆಲೆ ಏರಿದಾಗ ಕಾಡು ನಾಶವಾಗುವ ವೇಗ ಸುಮಾರು ಮೂರು ಪಟ್ಟಾಯಿತು. ನಮ್ಮ ಮನೆಗಳಲ್ಲಿ ಮದುವೆಗೆಂದು ಕೊಳ್ಳುವ ಚಿನ್ನದ ಬೆಲೆಗೂ ದೂರದ ಕಾಡಿನ ಮರಕ್ಕೂ ನಂಟಿದೆ ಎಂದರೆ ಆಶ್ಚರ್ಯವಲ್ಲವೇ?

ಚಿತ್ರ ಹೇಳುವುದು, ಚಿತ್ರ ಹೇಳದಿರುವುದು

2019ರ ಫೆಬ್ರವರಿಯಲ್ಲಿ ಪೆರು ಸರ್ಕಾರ ಈ ಪ್ರಾಂತ್ಯದ ಲಾ ಪಂಪಾ ಎಂಬ ಜಾಗಕ್ಕೆ ಪೊಲೀಸರನ್ನೂ ಸೈನಿಕರನ್ನೂ ಕಳುಹಿಸಿತು. ಅನಂತರದ ಉಪಗ್ರಹ ಚಿತ್ರಗಳಲ್ಲಿ ಅಲ್ಲಿನ ಅಗೆತ ಬಹಳ ಕಡಿಮೆಯಾದದ್ದು ಕಾಣಿಸಿತು. ಆದರೆ ಅದೇ ಚಿತ್ರಗಳು ಇನ್ನೊಂದನ್ನೂ ತೋರಿಸಿದವು. ಬೇರೆ ಕಡೆಗಳಲ್ಲಿ ಹೊಸ ಗುಂಡಿಗಳು ಎದ್ದಿದ್ದವು!

ಏಕೆ ಹೀಗೆ? ಅಗೆಯುವವರಲ್ಲಿ ಬಹಳ ಮಂದಿ ಬೆಟ್ಟಸೀಮೆಯ ಊರುಗಳಿಂದ ಹೊಟ್ಟೆಪಾಡಿಗೆ ಇಳಿದು ಬಂದವರು. ಕೂಲಿ ಸಿಗದಿದ್ದರೆ ಅವರು ಮತ್ತೊಂದು ಹೊಳೆಯನ್ನು ಹುಡುಕುತ್ತಾರೆ. ಇನ್ನೊಂದು ಕಡೆ ಆ ಕಾಡನ್ನೇ ಮನೆ ಮಾಡಿಕೊಂಡ ಮೂಲನಿವಾಸಿಗಳ ಬದುಕು ಕೆಡುತ್ತದೆ. ಬ್ರೆಜಿಲ್‌ನ ಯಾನೊಮಾಮಿ ಜನರ ನೆಲಕ್ಕೆ ಗಣಿಯವರು ನುಗ್ಗಿದ್ದರಿಂದ ರೋಗ, ಹಸಿವು ಹೆಚ್ಚಿ, 2023ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಆರೋಗ್ಯದ ತುರ್ತುಸ್ಥಿತಿ ಘೋಷಿಸಬೇಕಾಯಿತು.

ಉಪಗ್ರಹ ಗುಂಡಿಯನ್ನು ತೋರಿಸುತ್ತದೆ. ಅಗೆದವನ ಮನೆಯ ಒಲೆ ಉರಿದಿದೆಯೋ ಇಲ್ಲವೋ ಎಂದು ತೋರಿಸುವುದಿಲ್ಲ. ಮೀನಿನೊಳಗಿನ ಪಾದರಸವನ್ನೂ ತೋರಿಸುವುದಿಲ್ಲ. ಅದಕ್ಕೆ ನೀರು, ಮೀನು, ಜನರ ತಲೆಗೂದಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಜನರ ಬಳಿ ಕುಳಿತು ಮಾತನಾಡಬೇಕು. ಮೇಲಿನಿಂದ ನೋಡಿದ್ದನ್ನು ಕೆಳಗೆ ಹೋಗಿ ತಾಳೆ ಹಾಕಬೇಕು. ಸುತ್ತಿಗೆ ಹಿಡಿದು ಬೆಟ್ಟಗಳಲ್ಲಿ ನಡೆದ ಪೆಕೋರಾ ಅವರ ಬದುಕೂ ನಮಗೆ ಇದನ್ನೇ ನೆನಪಿಸುತ್ತದೆ.

ಅವರು ಬಿಟ್ಟುಹೋದದ್ದು

ಪೆಕೋರಾ ಅವರ ನೆನಪಿಗೆ 1974ರಿಂದ ದೂರಸಂವೇದನೆಯಲ್ಲಿ ಉತ್ತಮ ಕೆಲಸ ಮಾಡಿದವರಿಗೆ ಅವರ ಹೆಸರಿನ ಪ್ರಶಸ್ತಿ ಕೊಡಲಾಗುತ್ತಿದೆ. ಅದಕ್ಕಿಂತ ದೊಡ್ಡ ಕಾಣಿಕೆ ಎಂದರೆ ಚಿತ್ರಗಳ ಭಂಡಾರ. 1972ರಿಂದ ಇಂದಿನವರೆಗೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಒಂದರ ನಂತರ ಒಂದು ಕೆಲಸ ಮುಂದುವರಿಸಿವೆ. 2021ರಲ್ಲಿ ಲ್ಯಾಂಡ್‌ಸ್ಯಾಟ್-9 ಹಾರಿತು. 2008ರಲ್ಲಿ ಈ ಚಿತ್ರಗಳನ್ನು ಎಲ್ಲ ದೇಶಗಳ ಎಲ್ಲ ಜನರಿಗೂ ಉಚಿತವಾಗಿ ಕೊಡುವ ನಿರ್ಧಾರವಾಯಿತು. ಹಳೆಯ ಚಿತ್ರ ಇದ್ದುದರಿಂದಲೇ ತಾನೇ ಇಂದು ಕಾಡು ಎಷ್ಟು ಕರಗಿದೆ ಎಂದು ಹೇಳಲು ಸಾಧ್ಯ?

ಪೆಕೋರಾ ಅವರು ಖನಿಜ ಹುಡುಕಿದ ಬ್ರೆಜಿಲ್ ದೇಶವು 1973ರಲ್ಲೇ ಈ ಚಿತ್ರಗಳನ್ನು ಸ್ವೀಕರಿಸುವ ಕೇಂದ್ರವನ್ನು ಸ್ಥಾಪಿಸಿತು. 1988ರಿಂದ ಅಮೆಜಾನ್ ಕಾಡಿನ ನಾಶವನ್ನು ಪ್ರತಿವರ್ಷ ಅಳೆಯುತ್ತಿದೆ. ಖನಿಜ ಹುಡುಕಲು ನೆರವಾಗಲೆಂದು ಭೂವಿಜ್ಞಾನಿಯೊಬ್ಬರು ಬಯಸಿದ ಕಣ್ಣೇ ಇಂದು ಹದ್ದುಮೀರಿದ ಗಣಿಗೆ ಕಾವಲಾಗಿದೆ. ಭಾರತವೂ ಹೈದರಾಬಾದ್ ಬಳಿಯ ಶಾದ್‌ನಗರದ ಕೇಂದ್ರದಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಪಡೆಯಿತು. ಮುಂದೆ ನಮ್ಮ ಬೆಂಗಳೂರಿನಲ್ಲಿ ಇಸ್ರೋ ವಿಜ್ಞಾನಿಗಳು ನಿರ್ಮಿಸಿದ ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚ್ 17ರಂದು ಹಾರಿತು. ಅಂದಿನಿಂದ ನಮ್ಮ ನೆಲವನ್ನು ನೋಡುವ ನಮ್ಮದೇ ಕಣ್ಣುಗಳಿವೆ.

ನೀವೇ ಮಾಡಿ ನೋಡಿ

ಶಾಲೆಯ ಸುತ್ತ 80 ಮೀಟರ್ ಉದ್ದ, 80 ಮೀಟರ್ ಅಗಲದ ಜಾಗವನ್ನು ಹೆಜ್ಜೆ ಹಾಕಿ ಅಳೆಯಿರಿ. ಅದರ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆಯಿರಿ. ಕಟ್ಟಡ, ಮರ, ಬೋರ್‌ವೆಲ್, ಆಟದ ಬಯಲು ಎಲ್ಲವನ್ನೂ ಗುರುತಿಸಿ. ಈಗ ಅದರಲ್ಲಿ 10 ಮೀಟರ್ ಬದಿಯ ಚೌಕಗಳನ್ನು ಎಳೆಯಿರಿ. ಎಷ್ಟು ಚೌಕಗಳಾದವು? 64 ಅಲ್ಲವೇ? ಪ್ರತಿ ಚೌಕದಲ್ಲಿ ಯಾವುದು ಹೆಚ್ಚಿದೆಯೋ ಅದರ ಬಣ್ಣವನ್ನು ಪೂರ್ತಿ ಚೌಕಕ್ಕೆ ತುಂಬಿರಿ: ಮರಕ್ಕೆ ಹಸಿರು, ಮಣ್ಣಿಗೆ ಕಂದು, ಕಟ್ಟಡಕ್ಕೆ ಬೂದು. ಬೋರ್‌ವೆಲ್ ಎಲ್ಲಿ ಹೋಯಿತು? ಇನ್ನೊಂದು ಹಾಳೆಯಲ್ಲಿ ಇಡೀ ಜಾಗಕ್ಕೆ ಒಂದೇ ಬಣ್ಣ ಹಚ್ಚಿ. ಅದು 1972ರ ಉಪಗ್ರಹದ ಒಂದು ಚುಕ್ಕಿ!

ಹಾಳೆಯ ಮೇಲೆ ದಿನಾಂಕ ಬರೆದು ಶಾಲೆಯಲ್ಲಿ ಜೋಪಾನವಾಗಿಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಮತ್ತೊಮ್ಮೆ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಹಸಿರು ಚೌಕ ಹೆಚ್ಚಿದೆ? ಎಷ್ಟು ಕಡಿಮೆಯಾಗಿದೆ? ಕಡಿಮೆಯಾಗಿದ್ದರೆ ಏಕೆ ಎಂದು ಊರಿನ ಹಿರಿಯರನ್ನು ಕೇಳಿ ತಿಳಿದು, ಅದನ್ನೂ ಹಾಳೆಯ ಹಿಂಬದಿಯಲ್ಲಿ ಬರೆದಿಡಿ.